ಬೆವರುಪಟ್ಟಿ

ಮಂಡಿಪೇಟೆಯ ಒಳಸಂದಿ, ಗೋಣಿಚೀಲದ ಅಂಗಡಿ ದಾಟಿ
ಒಬ್ಬರೇ ಕೂರುವಷ್ಟು ಜಾಗದಲ್ಲಿ ಗೌಸ್‌ಪೀರ್
ಟೋಪಿ ರಿಪೇರಿ ಮಾಡುತ್ತಾನೆ:
ಹೋಮ್‌ಗಾರ್ಡಿನದು, ಬ್ಯಾಂಡ್‌ಸೆಟ್ಟಿನವರದು,
ಒಮ್ಮೊಮ್ಮೆ ನಾಟಕದ ಕಂಪನಿಯ ಕಿರೀಟ.

ನಾನು ಒಯ್ದದ್ದು ಅಪ್ಪನ ಹಳೇ ಪೊಲೀಸ್ ಹ್ಯಾಟು,
ಒಂದು ಮಗ್ಗುಲು ಮೇಲಕ್ಕೆ ಮಡಿಚಿ ಗುಂಡಿ ಹಾಕಿದ್ದು,
ಯಾರದೋ ಮಾತು ಕದ್ದು ಕೇಳುವ ಕಿವಿಯ ಹಾಗೆ.
ಇಲಾಖೆಗೆ ಈಗ ಬೇರೆ ಟೋಪಿ ಬಂದಿದೆ.
ಹೆಡ್ ಕಾನ್‌ಸ್ಟೆಬಲ್ ಹಾಲೇಶಪ್ಪ ಮಾತ್ರ
ಭಾನುವಾರದ ಹುಡುಗರ ಕ್ರಿಕೆಟ್ಟಿಗೆ ಅಂಪೈರ್ ಆಗಿ
ಇದನ್ನೇ ಹಾಕಿಕೊಂಡು ವೈಡ್ ಕೊಡುತ್ತಾರೆ.

"ಒಳಬೆಲ್ಟು ಹೋಗೇತಿ ಟೀಚರ್," ಅಂದ ಗೌಸ್‌ಪೀರ್.
ಟೀಚರ್ ಅಂದಮೇಲೆ ಸುಮ್ಮನಿರಲಾದೀತೆ?
"ಅದು ಸ್ವೆಟ್‌ಬ್ಯಾಂಡ್," ಎಂದೆ.
ಹಿಂದಿನ ರಾತ್ರಿಯಷ್ಟೇ ನಿಘಂಟು ಹರವಿಕೊಂಡು ಕೂತಿದ್ದೆ.
ಸ್ವೆಟ್ ಎಂಬುದರ ಜಾಡು ಹಿಡಿದು ಹಿಂದಕ್ಕೆ ನಡೆದರೆ
ನಮ್ಮ ಸ್ವೇದ ಅದರ ದೊಡ್ಡಪ್ಪನ ಮಗಳು.
ಅಲ್ಲಿನ ಹಳಬರು ಕಾಳಗದ ಕವಿತೆಗಳಲ್ಲಿ
ನೆತ್ತರಿಗೂ ಇದೇ ಹೆಸರು ಇಡುತ್ತಿದ್ದರಂತೆ.
ಬ್ಯಾಂಡ್ ಅಂದರೆ ಬಂಧ. ಅದೇ ಬೇರು, ಅದೇ ಗಂಟು.
ಬಂಧು ಅಲ್ಲಿಯವನೇ. ಫಾರಸಿಯ ದಾರಿ ಸುತ್ತಿಕೊಂಡು
ಬಂದ್ ಬಂತು, ಅಂಗಡಿ ಬಾಗಿಲು ಹಾಕಿಸಿತು.
ಹಿಂದೆಯೇ ಬಂದೋಬಸ್ತು ಬಂತು, ಲಾಠಿ ಹಿಡಿದು.
ಬಂದೂಕು ಮಾತ್ರ ಈ ಮನೆಯದಲ್ಲ,
ಹೆಸರಿನ ಮೊದಲಕ್ಷರ ನೋಡಿ ಪಂಕ್ತಿಗೆ ಕೂತದ್ದು.

ಅಪ್ಪನ ಮೂವತ್ತೊಂದು ವರ್ಷ
ಬಂದ್‌ಗಳ ಬಂದೋಬಸ್ತಿನಲ್ಲಿ, ಒಂದೇ ಧಾತುವಿನ ಒಳಗೆ,
ಗಾಂಧಿ ಸರ್ಕಲ್ಲಿನ ಬಿಸಿಲಿಗೆ ನಿಂತು ಮುಗಿಯಿತು.
ಇದನ್ನು ಹೇಳುವಾಗ ನನ್ನ ದನಿ ಸ್ವಲ್ಪ ಏರಿತ್ತು.

ಗೌಸ್‌ಪೀರ್ ಬಾಯಲ್ಲಿ ಸೂಜಿ ಕಚ್ಚಿಕೊಂಡೇ ಕೇಳಿದ,
ಆಮೇಲೆ ಸೂಜಿ ತೆಗೆದು:
"ನಮ್ಮಪ್ಪ ಮಂಡಕ್ಕಿ ಭಟ್ಟಿಯಾಗಿದ್ದ.
ಮರಳು ಕಾದು ಕೆಂಪಾದಾಗ
ತಲಿಗೆ ಒದ್ದೆ ಟವಲ್ ಬಿಗಿದು ಕಟ್ತಿದ್ದ.
ತಾಸಿಗೊಮ್ಮೆ ಬಿಚ್ಚಿ ಹಿಂಡಿದ್ರ ಧಾರೆ.
ಅದಕ್ಕೇನಂತಾರ್ರೀ ನಿಮ್ಮ ಪುಸ್ತಕದಾಗ?"

ಬೆವರುಪಟ್ಟಿ ಅನ್ನಬಹುದು, ಅಂದೆ.
ಬೆವರು ನಮ್ಮದೇ, ಹಳಗನ್ನಡದಲ್ಲಿ ಬೆಮರ್,
ಪಟ್ಟಿ ಹೊರಗಿನಿಂದ ಬಂದು ಹೊಲಿಗೆ ಹಾಕಿಸಿಕೊಂಡದ್ದು.
"ನಾವು ಟವಲ್ ಅಂತಿದ್ವಿ," ಅಂದ.

ಹಳೆಯ ಚರ್ಮ ಬಿಚ್ಚಿದ. ದಾರ ಟಪಟಪ ಹರಿಯಿತು.
ಕಪ್ಪಗೆ, ಗೇಣೆರಡರ ಹತ್ತಿರ ಉದ್ದ,
ಅಂಚಿನುದ್ದಕ್ಕೂ ಉಪ್ಪಿನ ಬಿಳಿ ಗೆರೆ, ಗೆರೆಯ ಮೇಲೆ ಗೆರೆ,
ಕೆರೆ ಇಳಿದಾಗ ದಂಡೆಯಲ್ಲಿ ಉಳಿಯುವ ಗುರುತಿನಂತೆ.
ಯಾವ ಗೆರೆ ಯಾವ ವರ್ಷದ್ದೋ.
ನಾನು ಹುಟ್ಟಿದ ದಿನವೂ ಡ್ಯೂಟಿ ಇತ್ತಂತೆ.

ಅಪ್ಪನ ಹಣೆಯಲ್ಲೂ ಇದೆ ಅದು,
ಅಡ್ಡಕ್ಕೊಂದು ಗೆರೆ: ಮೇಲೆ ಬಿಳಿಚು, ಕೆಳಗೆ ಕಂದು.
ಚಿಕ್ಕವಳಿದ್ದಾಗ ಹಣೆಬರಹ ಅಂದರೆ
ಅದೇ ಎಂದುಕೊಂಡಿದ್ದೆ. ಎಲ್ಲರ ಅಪ್ಪಂದಿರಿಗೂ
ಬ್ರಹ್ಮ ಹೀಗೆ ಅಡಿಗೆರೆ ಎಳೆದು
ಅಕ್ಷರ ಬರೆಯುವುದನ್ನು ಮರೆತಿದ್ದಾನೆ ಅಂತ.

"ಹೊಲಿಗೆ ಎಂಬತ್ತು, ಚರ್ಮ ನಲವತ್ತು.
ಹೆಸರಿಗೇನೂ ತಗಳಲ್ಲ."
ನಕ್ಕು, ಹಳೆಯದನ್ನು ಪೇಪರಿನಲ್ಲಿ ಸುತ್ತಿ ಕೊಟ್ಟ,
ನಾನು ಕೇಳದೆಯೇ.

ಮನೆಯಲ್ಲಿ ಅಪ್ಪ ಹ್ಯಾಟು ಇಟ್ಟುಕೊಂಡು
ಕನ್ನಡಿಯ ಮುಂದೆ ಅತ್ತ ಇತ್ತ ತಿರುಗಿಸಿದರು.
"ಬಿಗಿ ಆಗೇತಿ. ಇದಕ್ಕಿನ್ನೂ ನನ್ನ ಪರಿಚಯ ಇಲ್ಲ."
ಸ್ವೇದ, ಬಂಧ ಎಂದು ಶುರು ಮಾಡಿದೆ.
"ಹನ್ನೊಂದಕ್ಕೆ ಮ್ಯಾಚೈತಿ," ಅಂದು
ಆರು ಬೆಣಚುಕಲ್ಲು ಎಣಿಸಿ ಜೇಬಿಗೆ ಹಾಕಿಕೊಂಡು
ಬಿಸಿಲಿಗೆ ಹೊರಟರು.